ಅಷ್ಟೂ ಗೊತ್ತಿಲ್ವಾ?

ಡೆಸಿಕೇಟರ್ ನೋಡಿದ್ದೀರಾ? ಕೆಮಿಸ್ಟ್ರಿ ಲ್ಯಾಬಿನಲ್ಲಿರುವ ದಪ್ಪ ಗಾಜಿನ ಪಾತ್ರೆ. ತಳದಲ್ಲಿ ಸಿಲಿಕಾ ಜೆಲ್, ಅದರ ಮೇಲೆ ತೂತುಗಳಿರುವ ಪಿಂಗಾಣಿ ತಟ್ಟೆ, ತಟ್ಟೆಯ ಮೇಲೆ ಒಣಗಬೇಕಾದ ಸ್ಯಾಂಪಲ್. ಮೇಲೊಂದು ಗುಮ್ಮಟದಂಥ ಮುಚ್ಚಳ. ಗಾಳಿ ಒಳಗೆ ಹೋಗದಿರಲಿ ಅಂತ ಅಂಚಿಗೆ ಗ್ರೀಸ್ ಸವರಿರುತ್ತಾರೆ. ಮುಚ್ಚಳ ತೆಗೆಯಬೇಕೆಂದರೆ ಒಂದು ಕೈಯಲ್ಲಿ ಪಾತ್ರೆಯನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಮುಚ್ಚಳವನ್ನು ಮೆಲ್ಲಗೆ ಪಕ್ಕಕ್ಕೆ ಜಾರಿಸಬೇಕು. ಎತ್ತಬಾರದು.

ನಾನು ಎತ್ತಿದೆ.

ಎಂಎಸ್ಸಿ ಸೇರಿ ಒಂದು ವಾರ ಆಗಿತ್ತಷ್ಟೇ. ಮುಚ್ಚಳಕ್ಕೆ ಅಂಟಿಕೊಂಡು ಪಾತ್ರೆಯೂ ಎದ್ದು ಬಂತು. ಒಂದು ಗೇಣು ಮೇಲೆ ಬಂದ ಮೇಲೆ ಕಳಚಿಕೊಂಡು ಕಡಪಾ ಕಲ್ಲಿನ ಬೆಂಚಿನ ಮೇಲೆ ಬಿದ್ದು ಹೋಳಾಯಿತು. ನೀಲಿ ಸಿಲಿಕಾ ಕಾಳುಗಳು ಗೋಲಿಗಳ ಹಾಗೆ ಲ್ಯಾಬ್ ತುಂಬ ಉರುಳಿದವು. ಮೇಷ್ಟ್ರು ದೂರದಿಂದಲೇ ಕೂಗಿದರು. “ಅಷ್ಟೂ ಗೊತ್ತಿಲ್ವಾ? ಬಿಎಸ್ಸಿಲಿ ಏನ್ ಕಲಿಸಿದ್ರು ನಿಂಗೆ?”

ನಮ್ಮ ತಾಲ್ಲೂಕಿನ ಕಾಲೇಜಿನಲ್ಲಿ ಡೆಸಿಕೇಟರ್ ಇತ್ತು. ಒಂದೇ ಒಂದು. ಗಾಜಿನ ಬೀರುವಿನಲ್ಲಿ, ಬೀಗ ಹಾಕಿ, ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ತೋರಿಸಲು ಇಟ್ಟಿದ್ದರು. ಮೂರು ವರ್ಷ ಅದನ್ನು ಗಾಜಿನಾಚೆಯಿಂದ ನೋಡಿದ್ದೆ. ಇದನ್ನೆಲ್ಲ ಅಲ್ಲಿ ಹೇಳಲು ಆಗುತ್ತಾ? ಸುಮ್ನೆ ಬಗ್ಗಿ ಕಾಳು ಆರಿಸಿದೆ. ಆಮೇಲೆ ಎರಡು ವರ್ಷ ನಾನು ಯಾರನ್ನೂ ಏನೂ ಕೇಳಲಿಲ್ಲ. ಗೊತ್ತಿಲ್ಲದಿದ್ದರೂ ಗೊತ್ತಿರುವವಳ ಹಾಗೆ ಇರುವುದನ್ನು ಚೆನ್ನಾಗಿ ಕಲಿತೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಇದಕ್ಕಿಂತ ಅಪಾಯದ ವಿದ್ಯೆ ಇನ್ನೊಂದಿಲ್ಲ.

ಈಗ ನಾನೂ ಒಂದು ವಿಶ್ವವಿದ್ಯಾಲಯದ ಕೆಮಿಸ್ಟ್ರಿ ವಿಭಾಗದಲ್ಲಿ ಮೇಡಂ. ಯಾವುದು ಅಂತ ಬೇಡ, ಕರ್ನಾಟಕದ್ದೇ. ಕಳೆದ ಆರೇಳು ವರ್ಷಗಳಿಂದ ನಾವು ಮೂರ್ನಾಲ್ಕು ಜನ ಸೇರಿಕೊಂಡು, ಬರುವ ಹುಡುಗರಿಗೆ ಇದು ತಮ್ಮದೇ ಜಾಗ ಅನ್ನಿಸುವ ಹಾಗೆ ಏನಾದರೂ ಮಾಡೋಣ ಅಂತ ಹೊರಟೆವು. ಅದರ ಕಥೆ ಬರೆಯಿರಿ ಅಂತ ಗೆಳತಿಯೊಬ್ಬಳು ಬಹಳ ದಿನದಿಂದ ಗಂಟುಬಿದ್ದಿದ್ದಾಳೆ. ಬರೆಯುತ್ತಿದ್ದೇನೆ, ಆದರೆ ಇದು ಗೆದ್ದ ಕಥೆ ಅಂತ ಓದಬೇಡಿ.

ಸ್ವಾಗತ ನಮ್ಮಲ್ಲಿ ಮೊದಲೂ ಇತ್ತು. ಭರ್ಜರಿಯಾಗಿಯೇ ಇತ್ತು. ಫ್ರೆಶರ್ಸ್ ಡೇ ದಿನ ಪ್ರಾರ್ಥನೆ, ಸಸಿಗೆ ನೀರು ಹಾಕಿ ಉದ್ಘಾಟನೆ, ಒಬ್ಬೊಬ್ಬರ ಕೈಗೂ ಗುಲಾಬಿ, ಅತಿಥಿಗಳಿಗೆ ಶಾಲು, ಕೊನೆಗೆ ಉಪ್ಪಿಟ್ಟು ಕೇಸರಿಬಾತ್. ‘ನಾವೆಲ್ಲ ಒಂದೇ ಕುಟುಂಬ’ ಅಂತ ಅಧ್ಯಕ್ಷರು ಹೇಳುತ್ತಿದ್ದರು. ಮಾರನೇ ದಿನ ಅದೇ ಕುಟುಂಬದ ಮಗು ಲ್ಯಾಬಿಗೆ ಬಂದು ಪಿಪೆಟ್ ಎಲ್ಲಿದೆ ಅಂತ ಗೊತ್ತಾಗದೆ ಗೋಡೆಗೆ ಒರಗಿ ನಿಂತಿರುತ್ತಿತ್ತು.

ನೋಡಿ, ವಿಭಾಗ ಅಂದರೆ ಸಿಲಬಸ್ ಅಲ್ಲ. ಸಿಲಬಸ್ ಅಚ್ಚಾಗಿರುತ್ತದೆ, ಯಾರು ಬೇಕಾದರೂ ಓದಬಹುದು. ವಿಭಾಗ ನಡೆಯುವುದು ಅಚ್ಚಾಗದ ವಿಷಯಗಳ ಮೇಲೆ. ಐಆರ್ ಮಷೀನ್ (ಇನ್ಫ್ರಾರೆಡ್ ಬೆಳಕಿನಿಂದ ವಸ್ತುವನ್ನು ಗುರುತಿಸುವ ಯಂತ್ರ) ಯಾವಾಗ ಖಾಲಿ ಇರುತ್ತೆ, ಯಾವ ಸರ್ ಬಳಿ ಪ್ರಾಜೆಕ್ಟ್ ಕೇಳಲು ಯಾವಾಗ ಹೋಗಬೇಕು, ಸ್ಕಾಲರ್‌ಶಿಪ್ ಅರ್ಜಿಗೆ ಯಾರ ಸಹಿ ಮೊದಲು, ಯಾರದು ಆಮೇಲೆ. ಇದೆಲ್ಲ ಬಾಯಿಂದ ಬಾಯಿಗೆ ಹೋಗುತ್ತದೆ. ಯಾರ ಬಾಯಿಂದ ಯಾರ ಕಿವಿಗೆ ಅನ್ನುವುದರಲ್ಲೇ ಎಲ್ಲ ಇದೆ. ಅಪ್ಪನೋ ಅಕ್ಕನೋ ಇದೇ ದಾರಿಯಲ್ಲಿ ನಡೆದಿದ್ದರೆ ನಿಮಗೆ ಮನೆಯಲ್ಲೇ ಗೊತ್ತಾಗಿರುತ್ತೆ. ಇಲ್ಲವಾದರೆ ಸೀನಿಯರ್‌ಗಳ ಗುಂಪಿನಲ್ಲಿ ಸೇರಿಕೊಳ್ಳಬೇಕು. ಆ ಗುಂಪು ಊರು, ಜಾತಿ, ಹಾಸ್ಟೆಲ್ ನೋಡಿಯೇ ಕಟ್ಟಿರುತ್ತೆ.

ಒಂದು ಉದಾಹರಣೆ ಹೇಳುತ್ತೇನೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ವಿದ್ಯಾರ್ಥಿಗಳಿಗೆ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಅದರಲ್ಲಿ ಒಂದು ನಮ್ಮ ಬೆಂಗಳೂರಿನದೇ, 1934ರಲ್ಲಿ ಸಿ.ವಿ. ರಾಮನ್ ಶುರು ಮಾಡಿದ್ದು. ಆಯ್ಕೆಯಾದರೆ ಎರಡು ತಿಂಗಳು ಒಳ್ಳೆಯ ಲ್ಯಾಬಿನಲ್ಲಿ ಕೆಲಸ, ಕೈಗೆ ಒಂದಿಷ್ಟು ದುಡ್ಡು. ಪಿಎಚ್‌ಡಿಗೆ ಹೋಗುವವರಿಗೆ ಅದು ದೊಡ್ಡ ಮೆಟ್ಟಿಲು. ಆದರೆ ಬೇಸಿಗೆಯ ಕೆಲಸಕ್ಕೆ ಅರ್ಜಿ ಹಾಕಬೇಕಾದ್ದು ಹಿಂದಿನ ವರ್ಷದ ಕೊನೆಯಲ್ಲೇ. ಒಬ್ಬ ಹುಡುಗ ಮಾರ್ಚ್ ತಿಂಗಳಲ್ಲಿ ನನ್ನ ರೂಮಿಗೆ ಬಂದ. ತರಗತಿಗೇ ಮೊದಲಿಗ. “ಮೇಡಂ, ಬೇಸಿಗೆ ಬಂತಲ್ಲ, ಆ ಫೆಲೋಶಿಪ್‌ಗೆ ಹಾಕ್ಬೇಕಿತ್ತು” ಅಂದ. ಬೇಸಿಗೆಯ ಕೆಲಸಕ್ಕೆ ಬೇಸಿಗೆಯ ಹೊತ್ತಿಗೆ ಬಂದಿದ್ದಾನೆ, ಅವನದೇನು ತಪ್ಪು? ಅವನ ತರಗತಿಯ ಇಬ್ಬರು ಆಗಲೇ ಆಯ್ಕೆಯಾಗಿದ್ದರು. ಒಬ್ಬಳ ಅಮ್ಮ ಕಾಲೇಜು ಲೆಕ್ಚರರ್. ಇನ್ನೊಬ್ಬನ ಅಣ್ಣ ಪುಣೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ.

ಅವತ್ತು ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ಹಳೇ ಕ್ಯಾಲೆಂಡರಿನ ಹಿಂಬದಿ ತೆಗೆದುಕೊಂಡು ಯಾವ ತಿಂಗಳಲ್ಲಿ ಯಾವ ಅರ್ಜಿ ಅಂತ ದಪ್ಪ ಪೆನ್ನಿನಲ್ಲಿ ಬರೆದು, ನೀರಿನ ಫಿಲ್ಟರ್ ಪಕ್ಕ ಅಂಟಿಸಿದೆ. ನೋಟಿಸ್ ಬೋರ್ಡನ್ನು ಯಾರೂ ಓದುವುದಿಲ್ಲ, ನೀರು ಎಲ್ಲರೂ ಕುಡಿಯುತ್ತಾರೆ. ನಮ್ಮ ಮೊದಲ ಸುಧಾರಣೆ ಅಂದರೆ ಇದೇ.

ನೋಟಿಸ್ ಬೋರ್ಡ್ ಅಂದಾಗ ಇನ್ನೊಂದು ನೆನಪಾಯಿತು. ಅಡ್ಮಿಷನ್ ಆದಮೇಲೆ ಪಟ್ಟಿ ಅಂಟಿಸುತ್ತಾರಲ್ಲ, ಹೆಸರಿನ ಮುಂದೆ ಜಿಎಂ, 2ಎ, 3ಬಿ, ಎಸ್‌ಸಿ, ಎಸ್‌ಟಿ, ಕೆಟಗರಿ-1 ಅಂತ. ಪ್ರವೇಶದ ದಿನ ಅದು ಬೇಕು, ಪಾರದರ್ಶಕವಾಗಿರಬೇಕು, ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಆ ಪಟ್ಟಿ ಇಡೀ ವರ್ಷ ಹಾಗೇ ನೇತಾಡುತ್ತಿತ್ತು. ಹಾಜರಿ ಪುಸ್ತಕಕ್ಕೂ ಅದನ್ನೇ ಅದೇ ಮೀಸಲಾತಿ ಕ್ರಮದಲ್ಲಿ ಇಳಿಸಿಕೊಳ್ಳುತ್ತಿದ್ದರು. ಅಂದರೆ ದಿನಾ ಬೆಳಗ್ಗೆ ಹೆಸರು ಕೂಗುವಾಗ ಯಾರು ಯಾವ ಸಾಲಿನವರು ಅಂತ ಇಡೀ ತರಗತಿಗೆ ಗೊತ್ತಾಗುತ್ತಿತ್ತು. ನಾನೇ ಹನ್ನೊಂದು ವರ್ಷ ಹಾಗೆ ಕೂಗಿದ್ದೇನೆ, ಒಂದು ದಿನವೂ ಹೊಳೆಯಲಿಲ್ಲ. ಹೊಳೆಸಿದ್ದು ಒಬ್ಬ ಹಳೇ ವಿದ್ಯಾರ್ಥಿ. ಈಗ ಒಳ್ಳೆಯ ಕೆಲಸದಲ್ಲಿದ್ದಾನೆ. ಚಹಾ ಕುಡಿಯುತ್ತ ನಗುನಗುತ್ತಲೇ ಹೇಳಿದ: “ಮೇಡಂ, ನೀವು ಮೂವತ್ತೊಂದನೇ ನಂಬರಿಗೆ ಬಂದಾಗ ಹಿಂದಿನ ಬೆಂಚಿನವರು ‘ಈಗ ಶುರುವಾಯ್ತು’ ಅಂತಿದ್ರು.” ಮುಂದಿನ ವರ್ಷದಿಂದ ಅಕಾರಾದಿ ಮಾಡಿದೆವು. ಗುಮಾಸ್ತರು ಹತ್ತು ನಿಮಿಷದಲ್ಲಿ ಮಾಡಿಕೊಟ್ಟರು. ಹತ್ತು ನಿಮಿಷ!

ಪಟ್ಟಿ ತೆಗೆದ ಮಾತ್ರಕ್ಕೆ ಜಾತಿ ಹೋಗುತ್ತದೆಯೇ? ಎಲ್ಲಿಂದ. ನಮ್ಮವರು ಕೇಳುವ ದಾರಿಗಳು ನೂರಾರು. ಅಡ್ಡಹೆಸರು ಏನು, ಮನೆದೇವರು ಯಾವುದು, ಊರಲ್ಲಿ ಯಾವ ಓಣಿ, ಊಟ ವೆಜ್ಜಾ ನಾನ್‌ವೆಜ್ಜಾ. ಕೇಳುವವರಿಗೆ ಅದು ಲೋಕಾಭಿರಾಮ. ಉತ್ತರ ಕೊಡುವವರಿಗೆ ಗೊತ್ತು ಅದೇನು ಅಂತ. ಯುಜಿಸಿ 2012ರಲ್ಲೇ ಸಮಾನತೆಯ ನಿಯಮ ತಂದಿದೆ. ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕ, ತಾರತಮ್ಯದ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಅಂತ. ನಮ್ಮಲ್ಲೂ ಬೋರ್ಡ್ ಇದೆ. ಒಮ್ಮೆ ಆ ಬೋರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿ ನೋಡಿದೆ. ಆ ಪುಣ್ಯಾತ್ಮರು ನಿವೃತ್ತರಾಗಿ ಎರಡು ವರ್ಷ ಆಗಿತ್ತು. ಮೊಮ್ಮಗುವಿನ ನಾಮಕರಣದ ಗಡಿಬಿಡಿಯಲ್ಲಿದ್ದರು.

ಇನ್ನು ಇಂಗ್ಲಿಷ್. ನಮ್ಮ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದವರು. ಪಿಯುಸಿಗೆ ಬಂದ ದಿನವೇ ‘ಆಮ್ಲ’ ಹೋಗಿ ‘ಆಸಿಡ್’ ಬರುತ್ತೆ. ವಿಷಯ ಗೊತ್ತಿರುತ್ತೆ, ಬಾಯಿ ಬರುವುದಿಲ್ಲ. ಸೆಮಿನಾರ್ ಅಂದರೆ ರಾತ್ರಿಯೆಲ್ಲ ಉರುಹೊಡೆದು ಬೆಳಗ್ಗೆ ಒಪ್ಪಿಸುವುದು, ನಡುವೆ ಒಂದು ಪದ ಮರೆತರೆ ಬಸ್ಸು ಅಲ್ಲೇ ನಿಂತಹಾಗೆ. ಅತ್ತ ಸಂಶೋಧನೆಯ ಫೆಲೋಶಿಪ್ಪಿಗೆ, ಲೆಕ್ಚರರ್ ಕೆಲಸಕ್ಕೆ ಬರೆಯುವ ಸಿಎಸ್‌ಐಆರ್ ನೆಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಿಂದಿಯ ಹುಡುಗನಿಗೆ ಇರುವ ಆಸರೆ ಕನ್ನಡದ ಹುಡುಗನಿಗೆ ಇಲ್ಲ. ಅದನ್ನು ನಾವು ವಿಭಾಗದಲ್ಲಿ ಕೂತು ಸರಿಮಾಡಲಾರೆವು. ಆದರೆ ಶುಕ್ರವಾರದ ಸೆಮಿನಾರ್ ನಮ್ಮ ಕೈಯಲ್ಲೇ ಇತ್ತಲ್ಲ. ಮೊದಲ ಸೆಮಿಸ್ಟರಿನಲ್ಲಿ ಯಾವ ಭಾಷೆಯಲ್ಲಾದರೂ ಮಾತಾಡಿ, ಎರಡನೆಯದರಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಮಾತಾಡಿ ಅಂತ ಮಾಡಿದೆವು.

ಕನ್ನಡದಲ್ಲಿ ಮೊದಲು ಮಾತಾಡಿದವಳು ಗದಗ ಜಿಲ್ಲೆಯ ಮುಂಡರಗಿ ಕಡೆಯವಳು. ಯಾವಾಗಲೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಿದ್ದಳು. ನಾಚಿಕೆ ಸ್ವಭಾವ ಅಂತ ನಾವು ಅಂದುಕೊಂಡಿದ್ದೆವು. ಅವಳು ಆರಿಸಿಕೊಂಡ ವಿಷಯ ಕುಡಿಯುವ ನೀರಿನಲ್ಲಿ ಫ್ಲೋರೈಡ್. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದು ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲವೆಂದರೆ ಒಂದೂವರೆ ತನಕ ನಡೆಯುತ್ತೆ ಅಂತ ಭಾರತೀಯ ಮಾನಕದ ಲೆಕ್ಕ ಹೇಳಿದಳು. ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್ ಹೇಗೆ ಅಳೆಯುತ್ತೆ ಅಂತ ಚಿತ್ರ ಬರೆದಳು. ಆಮೇಲೆ “ನಮ್ಮೂರ ಬೋರ್‌ವೆಲ್ ನೀರು ಕುಡಿದ್ರ ಹಿಂಗಾಗ್ತದರೀ” ಅಂತ ಕೈ ತೆಗೆದು ಹಲ್ಲು ತೋರಿಸಿದಳು. ಕಂದು ಗೆರೆಗಳು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ನಲವತ್ತು ನಿಮಿಷ ಬರೀ ಪ್ರಶ್ನೆಗಳು. ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತಿದ್ದ ನಮ್ಮ ಸೆಮಿನಾರ್ ಅವತ್ತು ಊಟದ ಹೊತ್ತು ದಾಟಿತು. ಎರಡನೇ ಸೆಮಿಸ್ಟರಿನಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ತಪ್ಪುಗಳು ಇದ್ದವು, ಆದರೆ ಉರುಹೊಡೆದದ್ದಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಆ ಹುಮ್ಮಸ್ಸಿನಲ್ಲಿ ನಾನು ಎಲ್ಲವನ್ನೂ ಕನ್ನಡ ಮಾಡಿಬಿಟ್ಟೆ. ಚಹಾದ ಹೊತ್ತಿನ ಮಾತು ಕನ್ನಡ, ಲ್ಯಾಬ್ ಮೀಟಿಂಗ್ ಕನ್ನಡ, ಬಾಗಿಲ ಮೇಲಿನ ಚೀಟಿಗಳೂ ಕನ್ನಡ. ನಮ್ಮಲ್ಲಿ ಅಸ್ಸಾಮಿನಿಂದ ಬಂದ ಒಬ್ಬ ಸಂಶೋಧನಾ ವಿದ್ಯಾರ್ಥಿ ಇದ್ದ. ಒಂದು ಶುಕ್ರವಾರ ಸಂಜೆ ‘ನಾಳೆ ಬೆಳಗ್ಗೆಯಿಂದ ನೀರು ಬರುವುದಿಲ್ಲ’ ಅಂತ ಲ್ಯಾಬ್ ಬಾಗಿಲಿಗೆ ನಾನೇ ಚೀಟಿ ಅಂಟಿಸಿ ಮನೆಗೆ ಹೋದೆ. ಆ ಹುಡುಗ ರಾತ್ರಿ ರಿಫ್ಲಕ್ಸ್ ಇಟ್ಟಿದ್ದಾನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ದ್ರಾವಕವನ್ನು ಕುದಿಸುತ್ತಲೇ ಇರಬೇಕು, ಮೇಲೆ ಕಂಡೆನ್ಸರ್‌ನಲ್ಲಿ ತಣ್ಣೀರು ಹರಿಯುತ್ತಿದ್ದರೆ ಆವಿ ತಣ್ಣಗಾಗಿ ಮತ್ತೆ ಫ್ಲಾಸ್ಕಿಗೇ ಇಳಿಯುತ್ತೆ. ಬೆಳಗ್ಗೆ ನೀರು ನಿಂತಿತು. ಆವಿ ಕೋಣೆಗೆ ಬಂತು, ಫ್ಲಾಸ್ಕ್ ಒಣಗಿ ತಳ ಹಿಡಿಯಿತು. ಪುಣ್ಯಕ್ಕೆ ಬೆಂಕಿ ಹತ್ತಲಿಲ್ಲ. ಸುದ್ದಿ ಕೇಳಿ ಓಡಿ ಬಂದ ನನ್ನ ಬಾಯಿಂದ ಹೊರಟ ಮೊದಲ ಮಾತೇನು ಗೊತ್ತಾ? “ನೋಟಿಸ್ ಹಾಕಿದ್ದೆನಲ್ಲ, ಅಷ್ಟೂ...” ಅಂತ ಶುರುಮಾಡಿ ಅಲ್ಲೇ ನುಂಗಿಕೊಂಡೆ. ಅವನು ಚೀಟಿಯ ಮುಂದೆ ನಿಂತು ಅದನ್ನೇ ನೋಡುತ್ತಿದ್ದ.

ಈಗ ಚೀಟಿಗಳು ಎರಡು ಭಾಷೆಯಲ್ಲಿ. ಅಪಾಯದ್ದಾದರೆ ಚಿತ್ರವೂ ಇರುತ್ತೆ. ಆ ಹುಡುಗ ಕನ್ನಡ ಕಲಿತ, ನಾವು ಅವನಿಂದ ಅಸ್ಸಾಮಿ ಕಲಿಯಲಿಲ್ಲ. ಅದೂ ಇರಲಿ, ಲೆಕ್ಕಕ್ಕೆ ಬರೆದಿಟ್ಟಿರುತ್ತೇನೆ.

ಟೈಟ್ರೇಷನ್ನಿನ ಕಥೆ ಇದಕ್ಕಿಂತ ನನ್ನನ್ನು ಕಾಡಿದ್ದು. ಟೈಟ್ರೇಷನ್ ಅಂದರೆ ಬ್ಯುರೆಟ್ ಅನ್ನುವ ಗಾಜಿನ ಕೊಳವೆಯಿಂದ ಹನಿಹನಿಯಾಗಿ ದ್ರಾವಣ ಬಿಡುತ್ತ, ಫ್ಲಾಸ್ಕಿನಲ್ಲಿ ಬಣ್ಣ ತಿರುಗಿದ ಕ್ಷಣಕ್ಕೆ ನಿಲ್ಲಿಸುವುದು. ಆ ಕ್ಷಣವೇ ಎಂಡ್ ಪಾಯಿಂಟ್. ಒಬ್ಬ ಹುಡುಗ, ಥಿಯರಿಯಲ್ಲಿ ಗಟ್ಟಿ, ಪ್ರಾಕ್ಟಿಕಲ್‌ನಲ್ಲಿ ಹತ್ತಕ್ಕೆ ಮೂರು. ಬ್ಯುರೆಟ್ ರೀಡಿಂಗ್ ಒಂದರಂತೆ ಇನ್ನೊಂದಿಲ್ಲ. ಗಮನ ಇಲ್ಲ, ಫೋನಿನ ಹುಚ್ಚು ಅಂತ ಒಂದು ಸೆಮಿಸ್ಟರ್ ಪೂರ್ತಿ ಬೈದೆ. ಒಂದು ದಿನ ಹಿಂದೆ ನಿಂತು ನೋಡುತ್ತಿದ್ದೆ. ಅವನ ಕಣ್ಣು ತನ್ನ ಫ್ಲಾಸ್ಕಿನ ಮೇಲಿಲ್ಲ, ಪಕ್ಕದ ಹುಡುಗಿಯ ಮುಖದ ಮೇಲಿದೆ. ಇವನೇನು ಅಂತ ಸಿಟ್ಟು ಬಂತು. ಆಮೇಲೆ ಗೊತ್ತಾಯಿತು, ಅವಳು ಹುಬ್ಬು ಹಾರಿಸಿದಾಗ ಇವನು ಬ್ಯುರೆಟ್ ನಿಲ್ಲಿಸುತ್ತಿದ್ದಾನೆ. ಬಣ್ಣ ತೋರಿಸಲು ಹಾಕುವ ಮೀಥೈಲ್ ಆರೆಂಜ್ ಕೆಂಪಿನಿಂದ ಹಳದಿಗೆ ತಿರುಗುವುದು ಅವನಿಗೆ ಕಾಣುತ್ತಲೇ ಇರಲಿಲ್ಲ. ಬಣ್ಣಗುರುಡು. ಹೇಳಿದರೆ ಕೆಮಿಸ್ಟ್ರಿಯಿಂದ ತೆಗೆದುಬಿಡುತ್ತಾರೆ ಅಂತ ಪಿಯುಸಿಯಿಂದ ಮುಚ್ಚಿಟ್ಟುಕೊಂಡೇ ಬಂದಿದ್ದ.

ಇದರಲ್ಲಿ ತಮಾಷೆ ಏನು ಅಂದರೆ, ಪರಮಾಣು ಸಿದ್ಧಾಂತ ಕೊಟ್ಟ ಜಾನ್ ಡಾಲ್ಟನ್ ಸ್ವತಃ ಬಣ್ಣಗುರುಡ. 1794ರಲ್ಲಿ ಮ್ಯಾಂಚೆಸ್ಟರಿನಲ್ಲಿ ತನ್ನ ಕಣ್ಣಿನ ಬಗ್ಗೆಯೇ ಪ್ರಬಂಧ ಓದಿದ. ತನ್ನ ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕು, ಅದಕ್ಕೇ ಹೀಗೆ ಅಂತ ಅವನ ಊಹೆ. ಸತ್ತ ಮೇಲೆ ಕಣ್ಣು ತೆಗೆದು ನೋಡಿ ಅಂತ ಹೇಳಿಟ್ಟಿದ್ದ. 1844ರಲ್ಲಿ ಸತ್ತಾಗ ನೋಡಿದರು, ದ್ರವ ತಿಳಿಯಾಗಿಯೇ ಇತ್ತು. ಆ ಕಣ್ಣಿನ ಚೂರುಗಳನ್ನು ಜೋಪಾನ ಮಾಡಿದ್ದರು. 1995ರಲ್ಲಿ ಅದರ ಡಿಎನ್‌ಎ ಪರೀಕ್ಷೆ ಮಾಡಿದಾಗ ಹಸಿರನ್ನು ಹಿಡಿಯುವ ವರ್ಣಕದ ಜೀನ್ ಇಲ್ಲ ಅಂತ ಗೊತ್ತಾಯಿತು. ಮೊದಲ ಕ್ಲಾಸಿನಿಂದಲೇ ಡಾಲ್ಟನ್ ಪಾಠ ಮಾಡುವ ನಾನು ಅವನದೇ ಕಣ್ಣಿರುವ ಹುಡುಗನಿಗೆ ಮೂರು ಅಂಕ ಕೊಟ್ಟುಕೊಂಡು ಕೂತಿದ್ದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಬಣ್ಣಗುರುಡು ಅದರಲ್ಲಿ ಇಲ್ಲ. ಹಾಗಾಗಿ ಯಾವ ನಿಯಮವೂ ಅವನ ಕೈ ಹಿಡಿಯುವಂತಿರಲಿಲ್ಲ. ಆದರೆ ಎಂಡ್ ಪಾಯಿಂಟನ್ನು ಕಣ್ಣಲ್ಲೇ ನೋಡಬೇಕು ಅಂತಲೂ ಸಿಲಬಸ್‌ನಲ್ಲಿ ಎಲ್ಲೂ ಬರೆದಿಲ್ಲವಲ್ಲ! ಅವನಿಗೆ ಪಿಎಚ್ ಮೀಟರ್ ಕೊಟ್ಟೆವು. ಗ್ರಾಫ್ ಹಾಕಿ ಎಂಡ್ ಪಾಯಿಂಟ್ ಕಂಡುಹಿಡಿದ, ಪಕ್ಕದವರಿಗಿಂತ ಕರಾರುವಾಕ್ಕಾಗಿ. ಈಗ ಮೊದಲ ಪ್ರಾಕ್ಟಿಕಲ್ ದಿನ ಎಲ್ಲರಿಗೂ ಡಾಲ್ಟನ್ ಕಥೆ ಹೇಳಿ, ಯಾರಿಗಾದರೂ ಹೀಗಿದ್ದರೆ ಆಮೇಲೆ ಬಂದು ಹೇಳಿ ಅನ್ನುತ್ತೇವೆ. ಎರಡು ಮೂರು ವರ್ಷಕ್ಕೊಬ್ಬ ಬಂದೇ ಬರುತ್ತಾನೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ದೂರ ಹೋಗಬೇಕಿಲ್ಲ, ಬೆಂಗಳೂರಿಗೆ ಹೋದರೆ ಸಾಕು. 1933ರಲ್ಲಿ ಬಾಂಬೆಯ ಕಮಲಾ ಸೊಹೊನಿ (ಆಗಿನ್ನೂ ಕಮಲಾ ಭಾಗವತ್) ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ನಿರ್ದೇಶಕರಾಗಿದ್ದ ರಾಮನ್ ಹೆಣ್ಣು ಅನ್ನುವ ಕಾರಣಕ್ಕೇ ಬೇಡ ಅಂದರು. ಆಕೆ ಜಗ್ಗಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷೆಗಿಟ್ಟು, ಷರತ್ತು ಹಾಕಿ ಸೇರಿಸಿಕೊಂಡರು. ಕಮಲಾ ಮುಂದೆ ಕೇಂಬ್ರಿಜ್‌ನಲ್ಲಿ 1939ರಲ್ಲಿ ಪಿಎಚ್‌ಡಿ ಪಡೆದರು. ಈ ಕಥೆ ಎಲ್ಲರೂ ಹೇಳುತ್ತಾರೆ, ಮಾರ್ಚ್ 8ರಂದು ನಮ್ಮಲ್ಲೂ ಹೇಳುತ್ತಾರೆ. ನನಗೆ ಜಾಸ್ತಿ ಕಾಡುವುದು ಆಮೇಲೆ ಬಂದ ಅನ್ನಾ ಮಣಿ ಅವರ ಕಥೆ. ಅವರನ್ನು ರಾಮನ್ ಸೇರಿಸಿಕೊಂಡರು, ವಜ್ರಗಳ ಮೇಲೆ ಕೆಲಸ ಕೊಟ್ಟರು, ಒಳ್ಳೆಯ ಪ್ರಬಂಧಗಳೂ ಬಂದವು. ಆದರೆ ಆ ಲ್ಯಾಬಿನಲ್ಲಿ ಗಂಡಸರು ಹೆಂಗಸರು ಬೆರೆತು ಮಾತಾಡುವುದು ರಾಮನ್‌ಗೆ ಸರಿಬರುತ್ತಿರಲಿಲ್ಲ. ಹುಡುಗರು ಗುಂಪು ಕಟ್ಟಿ ವಾದ ಮಾಡುವಾಗ ಹುಡುಗಿಯರು ದೂರ. 1945ರಲ್ಲಿ ಅನ್ನಾ ಮಣಿ ಪಿಎಚ್‌ಡಿ ಪ್ರಬಂಧ ಸಲ್ಲಿಸಿದರು. ಎಂಎಸ್ಸಿ ಇಲ್ಲ ಅನ್ನುವ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಮುಂದೆ ಹವಾಮಾನ ಇಲಾಖೆಯ ಎಷ್ಟೋ ಉಪಕರಣಗಳನ್ನು ಈ ದೇಶದಲ್ಲೇ ಮಾಡುವಂತೆ ನಿಲ್ಲಿಸಿದ ಹೆಂಗಸು ಕೊನೆಯವರೆಗೂ ಡಾಕ್ಟರೇಟ್ ಇಲ್ಲದೆಯೇ ಇದ್ದರು.

ಒಳಗೆ ಬಿಟ್ಟುಕೊಳ್ಳುವುದು ಬೇರೆ, ಮಾತಿಗೆ ಸೇರಿಸಿಕೊಳ್ಳುವುದು ಬೇರೆ. ನಮ್ಮಲ್ಲಿ ಈಗ ಹುಡುಗಿಯರೇ ಜಾಸ್ತಿ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲವಾದ ಮೇಲೆ ಹಾಸ್ಟೆಲ್ ಬಿಟ್ಟು ಊರಿಂದಲೇ ಓಡಾಡುವವರೂ ಹೆಚ್ಚಾದರು. ಆದರೆ ಪ್ರಾಕ್ಟಿಕಲ್ ಮುಗಿಯುವುದು ಐದೂವರೆಗೆ, ಊರಿನ ಬಸ್ಸು ಐದೂ ಮುಕ್ಕಾಲಿಗೆ. ಐದು ಗಂಟೆಗೇ ಅರ್ಧ ಲ್ಯಾಬ್ ಗಡಿಯಾರ ನೋಡುತ್ತಿತ್ತು. ಐದೂವರೆಯ ಮೇಲೆ ಉಳಿದ ಹುಡುಗರು ಮೇಷ್ಟ್ರ ಜೊತೆ ಚಹಾಕ್ಕೆ ಹೋಗುತ್ತಿದ್ದರು. ಪ್ರಾಜೆಕ್ಟ್ ಹಂಚಿಕೆ, ಪುಣೆ ಹೈದರಾಬಾದಿನ ಸುದ್ದಿ, ಯಾವ ಕಂಪನಿಯವರು ಯಾವಾಗ ಬರುತ್ತಾರೆ, ಎಲ್ಲ ಆ ಚಹಾದ ಅಂಗಡಿಯಲ್ಲೇ. ಪ್ರಾಕ್ಟಿಕಲ್‌ಗಳನ್ನು ಬೆಳಗ್ಗೆಗೆ ತಂದೆವು. ಊಟ ಆದಮೇಲೆ ಥಿಯರಿ ಅಂದರೆ ಮಕ್ಕಳಿಗಿಂತ ಮೊದಲು ಮೇಷ್ಟ್ರಿಗೇ ನಿದ್ದೆ ಬರುತ್ತೆ ಅಂತ ಸಹೋದ್ಯೋಗಿಗಳು ಗಲಾಟೆ ಮಾಡಿದರು. ನಿಜ, ಬರುತ್ತೆ. ಹೆಂಗಸರ ಟಾಯ್ಲೆಟ್ಟಿನ ಬೀಗದ ಕೈ ಆಫೀಸಿನಲ್ಲಿ ಸಹಿ ಹಾಕಿ ತೆಗೆದುಕೊಳ್ಳಬೇಕಿತ್ತು. ಆ ಪುಸ್ತಕದ ಬಗ್ಗೆ ಬರೆಯಲು ಹೋದರೆ ನನಗೆ ಬಿಪಿ ಏರುತ್ತೆ, ಬಿಡಿ. ಈಗ ಬೀಗ ಇಲ್ಲ.

ಹುಡುಗಿಯರಿಗೆ ನಾನೇ ಬರೆದ ಶಿಫಾರಸು ಪತ್ರಗಳನ್ನು ಒಮ್ಮೆ ತೆಗೆದು ಓದಿದೆ. ‘ಶ್ರದ್ಧೆಯವಳು, ಶಿಸ್ತಿನವಳು, ಎಲ್ಲರೊಂದಿಗೆ ಹೊಂದಿಕೊಳ್ಳುತ್ತಾಳೆ’. ಹುಡುಗರಿಗೆ ‘ಸ್ವತಂತ್ರವಾಗಿ ಯೋಚಿಸುತ್ತಾನೆ’. ಬರೆದದ್ದು ಹೆಣ್ಣೇ.

ಆಯುಧಪೂಜೆ ಬಗ್ಗೆ ಬರೆಯದಿದ್ದರೆ ಕರ್ನಾಟಕದ ಲ್ಯಾಬಿನ ಕಥೆ ಪೂರ್ತಿಯಾಗುವುದಿಲ್ಲ. ಬ್ಯಾಲೆನ್ಸಿಗೆ ಚೆಂಡುಹೂ, ಐಆರ್ ಮಷೀನಿಗೆ ಕುಂಕುಮ, ಬಾಗಿಲಲ್ಲಿ ಬೂದುಗುಂಬಳ. ನನಗೆ ಆ ದಿನ ಇಷ್ಟ. ವರ್ಷವಿಡೀ ಧೂಳು ಹಿಡಿದ ಉಪಕರಣಗಳು ಒರೆಸಿಕೊಳ್ಳುವುದು ಅವತ್ತು ಮಾತ್ರ. ನಿಲ್ಲಿಸಬೇಕು ಅಂತ ಒಂದಿಬ್ಬರು ಅಂದರು, ನಾನು ಒಪ್ಪಲಿಲ್ಲ. ಆದರೆ ಕಡ್ಡಾಯ ಚಂದಾ ಯಾಕೆ? ರಂಗೋಲಿ ಬರೀ ಹುಡುಗಿಯರೇ ಯಾಕೆ? ಪೂಜೆಗೆ ನಿಲ್ಲದ ಮುಸ್ಲಿಂ ಹುಡುಗಿ ಕಾರಿಡಾರಿನಲ್ಲಿ ಒಬ್ಬಳೇ ಕೂತು ಫೋನ್ ನೋಡುತ್ತಿದ್ದಳಲ್ಲ, ಅವಳನ್ನು ಉಪಕರಣ ಒರೆಸಲು ಯಾರೂ ಕರೆದಿರಲಿಲ್ಲ. ಒರೆಸುವುದಕ್ಕೆ ಯಾವ ಧರ್ಮ ಅಡ್ಡಿ? ಈಗ ಹಿಂದಿನ ಎರಡು ದಿನ ಎಲ್ಲರೂ ಸೇರಿ ಉಪಕರಣ ಬಿಚ್ಚಿ ತೊಳೆಯುತ್ತಾರೆ, ಒಟ್ಟಿಗೇ ಊಟ. ಪೂಜೆಯ ದಿನ ಬೇಕಾದವರು ನಿಲ್ಲುತ್ತಾರೆ.

“ಹೀಗೆಲ್ಲ ಮುದ್ದು ಮಾಡಿದರೆ ಸ್ಟ್ಯಾಂಡರ್ಡ್ ಉಳಿಯುತ್ತಾ ಮೇಡಂ?” ಅಂತ ಹಿರಿಯರೊಬ್ಬರು ಪ್ರತಿ ಮೀಟಿಂಗಿನಲ್ಲೂ ಕೇಳುತ್ತಾರೆ. ನಾನು ಒಂದು ಅಂಕವನ್ನೂ ಸುಮ್ನೆ ಕೊಟ್ಟಿಲ್ಲ. ನನ್ನ ಪೇಪರಿನಲ್ಲಿ ಈ ವರ್ಷವೂ ಏಳು ಜನ ಫೇಲ್. ಡೆಸಿಕೇಟರ್ ಮುಚ್ಚಳವನ್ನು ಪಕ್ಕಕ್ಕೆ ಜಾರಿಸಬೇಕು ಅಂತ ಮೊದಲೇ ಹೇಳಿದರೆ ಸ್ಟ್ಯಾಂಡರ್ಡ್ ಇಳಿಯುವುದಿಲ್ಲ, ಡೆಸಿಕೇಟರ್ ಉಳಿಯುತ್ತೆ ಅಂತ ಅಂದೆ. ಅವರು ನಗಲಿಲ್ಲ. ನಮ್ಮಿಂದ ಆಗದ್ದೂ ಬೇಕಾದಷ್ಟಿದೆ. ಕಾಲೇಜು, ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡುವ ನ್ಯಾಕ್‌ನವರಿಗೆ ತೋರಿಸಲು ಮೆಂಟರ್–ಮೆಂಟಿ ಫೈಲು ಪ್ರತಿವರ್ಷ ದಪ್ಪ ಆಗುತ್ತೆ, ಅದರಲ್ಲಿರುವ ಅರ್ಧ ಭೇಟಿಗಳು ಆಗಿಯೇ ಇಲ್ಲ. ನನ್ನದೂ ಸೇರಿ. ಇನ್ನು ಪಿಎಚ್‌ಡಿ ಗೈಡುಗಳ ದರ್ಬಾರಿನ ಮುಂದೆ ನಮ್ಮದೇನೂ ನಡೆದಿಲ್ಲ. ಗೈಡಿನ ಮಗನಿಗೆ ಟ್ಯೂಷನ್ ಹೇಳಿಕೊಡುವ, ಗ್ಯಾಸ್ ಬುಕ್ ಮಾಡುವ ಸ್ಕಾಲರ್‌ಗಳು ಈಗಲೂ ಇದ್ದಾರೆ. ಸಹಿ ಅವರ ಕೈಯಲ್ಲಿದೆ, ದೂರು ಕೊಡುವವರು ಯಾರು?

ಚೆನ್ನಾಗಿ ನಡೆದದ್ದು ಅಂದರೆ ಒಂದು ನೋಟ್‌ಬುಕ್. ಇನ್ನೂರು ಪುಟದ್ದು, ಬ್ಯಾಲೆನ್ಸ್ ರೂಮಿನ ಕಿಟಕಿಗೆ ದಾರದಲ್ಲಿ ಕಟ್ಟಿದ್ದೇವೆ, ಜೊತೆಗೊಂದು ಪೆನ್ನು. ಏನು ಗೊತ್ತಿಲ್ಲವೋ ಬರೆಯಿರಿ, ಹೆಸರು ಬೇಡ. ಗೊತ್ತಿದ್ದವರು ಕೆಳಗೆ ಉತ್ತರ ಬರೆಯಿರಿ, ನಿಮ್ಮ ಹೆಸರೂ ಬೇಡ. ಮೊದಲ ಪ್ರಶ್ನೆ ನಾನೇ ಬರೆದೆ: ‘ಡೆಸಿಕೇಟರ್ ತೆಗೆಯುವುದು ಹೇಗೆ?’ ಯಾರೋ ಚೆಂದದ ಚಿತ್ರ ಬರೆದು ಬಾಣದ ಗುರುತು ಹಾಕಿದರು. ಆಮೇಲೆ ಶುರುವಾಯಿತು ನೋಡಿ. ‘ಸಿನಾಪ್ಸಿಸ್ ಅಂದ್ರೆ ಎಷ್ಟು ಪುಟ?’ ‘ಪೋಸ್ಟ್‌ಡಾಕ್ ಅಂದ್ರೆ ಓದೋದಾ ಕೆಲಸನಾ?’ (ಇದಕ್ಕೆ ಉತ್ತರ: ‘ಅವರಿಗೂ ಗೊತ್ತಿಲ್ಲ’.) ‘ಮುಟ್ಟಾದಾಗ ಹೊಟ್ಟೆನೋವು ಅಂತ ಲ್ಯಾಬ್ ಬಿಟ್ಟರೆ ಪ್ರಾಕ್ಟಿಕಲ್ ಮತ್ತೆ ಮಾಡಿಸ್ತಾರಾ?’ ಇದರ ಕೆಳಗೆ ಉತ್ತರ ಬರೆಯುವ ಮೊದಲು ನಾವು ಮೀಟಿಂಗ್ ಮಾಡಬೇಕಾಯಿತು. ಮಾಡಿಸುತ್ತೇವೆ ಅಂತ ಬರೆದೆವು.

ಹೋದ ತಿಂಗಳು ಅದರಲ್ಲಿ ಬೇರೆ ಥರದ ಅಕ್ಷರ ಕಂಡಿತು. ದೊಡ್ಡ ದೊಡ್ಡ, ಒತ್ತಿ ಬರೆದ ಕನ್ನಡ ಅಕ್ಷರ. ‘ಬಾಟ್ಲಿ ತೊಳಿಯೊ ಕ್ರೋಮಿಕ್ ಆಸಿಡ್ ಮೊದಲು ಕೆಂಪಗೆ ಇರತದೆ ಆಮೇಲೆ ಹಸಿರು ಯಾಕೆ ಆಗತದೆ.’ ಹೆಸರಿಲ್ಲದಿದ್ದರೂ ಯಾರು ಅಂತ ನಮಗೆಲ್ಲ ಗೊತ್ತು. ನಮ್ಮ ಲ್ಯಾಬ್ ಅಟೆಂಡರ್. ಏಳನೇ ಕ್ಲಾಸು ಓದಿದವರು, ಇಪ್ಪತ್ತೆರಡು ವರ್ಷದಿಂದ ನಮ್ಮ ಗಾಜಿನ ಸಾಮಾನು ತೊಳೆಯುತ್ತಿದ್ದಾರೆ. ಎಂಎಸ್ಸಿ ಹುಡುಗಿಯೊಬ್ಬಳು ಕೆಳಗೆ ನೀಟಾಗಿ ಬರೆದಿದ್ದಳು. ಡೈಕ್ರೋಮೇಟಿನಲ್ಲಿರುವ ಕ್ರೋಮಿಯಂ ಕೊಳೆಯನ್ನು ತಿಂದು ಬೇರೆ ರೂಪಕ್ಕೆ ಬರುತ್ತದೆ, ಆ ರೂಪದ ಬಣ್ಣ ಹಸಿರು, ಹಸಿರಾದರೆ ಅದರ ಶಕ್ತಿ ಮುಗಿಯಿತು ಅಂತ ಅರ್ಥ. ಅದರ ಕೆಳಗೆ ಇನ್ನೊಂದು ಸಾಲು, ಬೇರೆ ಯಾರದೋ ಅಕ್ಷರದಲ್ಲಿ: ‘ಮೊದಲಿನ ಕೆಂಪು ರೂಪ ಕ್ಯಾನ್ಸರ್ ತರುವಂಥದ್ದು. ಗ್ಲೌಸ್ ಇಲ್ಲದೆ ಮುಟ್ಟಬೇಡಿ ಅಣ್ಣಾ.’

ಅವತ್ತೇ ಕ್ರೋಮಿಕ್ ಆಸಿಡ್ ಬಂದ್ ಮಾಡಿ ಡಿಟರ್ಜೆಂಟ್ ತರಿಸಿದೆವು. ಕೆಮಿಸ್ಟ್ರಿ ವಿಭಾಗದಲ್ಲಿ ಇದು ಯಾರಿಗೆ ಗೊತ್ತಿರಲಿಲ್ಲ? ನಮ್ಮೆಲ್ಲರಿಗೂ ಗೊತ್ತಿತ್ತು. ಸಂಜೆ ಬೀಗ ಹಾಕುವಾಗ ಅವರು ನನ್ನ ರೂಮಿನ ಬಾಗಿಲಲ್ಲಿ ನಿಂತರು. ಎರಡೂ ಕೈ ಮುಂದೆ ಚಾಚಿ, ಮೇಲೆ ಕೆಳಗೆ ತಿರುಗಿಸಿ ನೋಡಿಕೊಂಡರು. “ಮೇಡಂ, ಹಂಗಾದ್ರೆ ಇಷ್ಟು ವರ್ಷ ನಾನು ಬರಿಗೈಲೇ...” ಅಂದರು.

ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ. ಸೋಮವಾರ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ.